ಗೂರ್ಖಾ ಸೈನಿಕನ ಮುಖಕ್ಕೆ ಯಾವ ಬಣ್ಣ?

ಸೈನಿಕ ಗೊಂಬೆಗಳ ಕಿಟ್ ಜೋಡಿಸಿ ಬಣ್ಣ ಹಚ್ಚುವ ಹವ್ಯಾಸದ ಬಗ್ಗೆ ಕಾಶಿಯ ಕನ್ನಡ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರು ಧಾರವಾಡ, ಓದುತ್ತಿರುವುದು ಬಿಎಚ್‌ಯುನಲ್ಲಿ. 1/35 ಅಳತೆಯ ಪ್ಲಾಸ್ಟಿಕ್ ಗೂರ್ಖಾ ಸೈನಿಕನ ಕಿಟ್ ತರಿಸಿದ್ದೇನೆ. ಸಮವಸ್ತ್ರ ಚೆನ್ನಾಗಿ ಬಂತು. ಮುಖಕ್ಕೆ ‘ಫ್ಲೆಶ್’ ಎಂದು ಬರೆದಿದ್ದ ಬಣ್ಣ ಹಚ್ಚಿದರೆ ಬ್ರಿಟಿಷ್ ಸಿಪಾಯಿಯಂತೆ ಕಂಡ. ಕಂದು ಬೆರೆಸಿದೆ, ಮುಖವೆಲ್ಲ ಕೆಸರು ಮೆತ್ತಿದಂತಾಯಿತು. ಏನು ಮಾಡಲಿ?
— ವಿದ್ಯಾರ್ಥಿ, ಲಂಕಾ

ಉತ್ತರ: ‘ಫ್ಲೆಶ್’ ಡಬ್ಬಿಯನ್ನು ಪಕ್ಕಕ್ಕಿಡಿ. ಅದು ಯುರೋಪಿನವರ ಚರ್ಮ ನೋಡಿ ತಯಾರಾದ ಬಣ್ಣ. ಅದಕ್ಕೆ ಕಂದು ಸುರಿದರೆ ನಮ್ಮವರ ಮೈಬಣ್ಣ ಬರುವುದಿಲ್ಲ, ಗುಲಾಬಿ ಮಂಕಾಗುತ್ತದೆ ಅಷ್ಟೆ. ಬರ್ನ್ಟ್ ಸಿಯೆನ್ನಾದಿಂದ ಶುರು ಮಾಡಿ. ಅದಕ್ಕೆ ಯೆಲ್ಲೋ ಓಕರ್ ಸೇರಿಸಿ, ಬಿಳಿಯನ್ನು ಚೂರೇ ಚೂರು ಹಾಕಿ. ನೆರಳಿಗೆ ಕಪ್ಪು ಬೇಡ, ಬರ್ನ್ಟ್ ಅಂಬರ್‌ಗೆ ಕೆಂಪಿನ ಒಂದು ಹನಿ ಸಾಕು. ಮೂಗಿನ ತುದಿ, ಕೆನ್ನೆಯ ಮೂಳೆಗಳಲ್ಲಿ ಬೆಳಕು ತೋರಿಸಲು ಓಕರ್ ಹೆಚ್ಚಿಸಿ, ಬಿಳಿ ಹೆಚ್ಚಿಸಬೇಡಿ. ಬಿಳಿ ಹೆಚ್ಚಾದರೆ ಮುಖ ಬೂದಿ ಬಳಿದಂತಾಗುತ್ತದೆ.

ನೀವಿರುವ ಊರಿನಲ್ಲೇ ನಿಮಗೆ ದೊಡ್ಡ ಪಾಠಶಾಲೆಯಿದೆ. ವಾರಾಣಸಿಯ ದಂಡು ಪ್ರದೇಶದಲ್ಲಿರುವ 39 ಗೂರ್ಖಾ ತರಬೇತಿ ಕೇಂದ್ರದಲ್ಲಿ 9ನೇ ಗೂರ್ಖಾ ರೈಫಲ್ಸ್‌ನ ಜವಾನರು ತಯಾರಾಗುತ್ತಾರೆ. ರಜೆಯ ದಿನ ಪೇಟೆಗೆ ಬಂದವರನ್ನು ಗೌರವದಿಂದ, ದೂರದಿಂದ ಗಮನಿಸಿ. ಸೇನೆಯ ಜಾಗದ ಸುತ್ತ ಕ್ಯಾಮೆರಾ ತೆಗೆಯಲೇಬೇಡಿ, ಕಣ್ಣಲ್ಲಿ ತುಂಬಿಕೊಂಡರೆ ಸಾಕು. ಹ್ಯಾಟು ಮುಚ್ಚುವ ಹಣೆ ತಿಳಿಯಾಗಿರುತ್ತದೆ, ಬಿಸಿಲು ಬೀಳುವ ಕೆನ್ನೆ ಕೆಂಪಗಿರುತ್ತದೆ. ಒಂದೇ ಮುಖದಲ್ಲಿ ಮೂರು ಬಣ್ಣ ಕಾಣುತ್ತದೆ. ಕಿಟ್ಟಿನ ಸೂಚನಾಪತ್ರ ಇದನ್ನು ಹೇಳುವುದಿಲ್ಲ.

ಕಣ್ಣಿನ ಬಗ್ಗೆಯೂ ಹೇಳಿಬಿಡುತ್ತೇನೆ. 1/35 ಅಳತೆಯಲ್ಲಿ ಕಣ್ಣಿನ ಅಗಲ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಲ್ಲಿ ಬಿಳಿ ಬಳಿದು ಕಪ್ಪು ಚುಕ್ಕಿ ಇಟ್ಟರೆ ಸೈನಿಕ ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ರೆಪ್ಪೆಯ ಕೆಳಗೆ ಗಾಢ ಕಂದಿನ ಒಂದು ಸಣ್ಣ ಗೆರೆ ಎಳೆದು ಬಿಡಿ.

ಇನ್ನೊಂದು ಮಾತು. ಬರೀ ‘ಒಬ್ಬ ಗೂರ್ಖಾ’ ಎಂದುಕೊಂಡು ಮಾಡಬೇಡಿ, ಯಾರು, ಎಲ್ಲಿ, ಯಾವಾಗ ಎಂದು ನಿರ್ಧರಿಸಿಕೊಳ್ಳಿ. ಇದೇ 9ನೇ ಗೂರ್ಖಾದ ಮೊದಲ ಬೆಟಾಲಿಯನ್ನಿನ ರೈಫಲ್‌ಮನ್ ಶೇರ್ ಬಹಾದ್ದೂರ್ ಥಾಪಾ 1944ರ ಸೆಪ್ಟೆಂಬರಿನಲ್ಲಿ ಸ್ಯಾನ್ ಮರಿನೋದಲ್ಲಿ ಬ್ರೆನ್ ಗನ್ ಹಿಡಿದು ಒಬ್ಬನೇ ಶತ್ರುವನ್ನು ತಡೆದು ನಿಂತವನು. ಗಾಯಗೊಂಡ ಸಂಗಡಿಗರನ್ನು ಹೊತ್ತು ತರುತ್ತಾ ಪ್ರಾಣಬಿಟ್ಟ. ಮರಣಾನಂತರ ವಿಕ್ಟೋರಿಯಾ ಕ್ರಾಸ್ ಬಂತು. ಅವನನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟೋ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಕೈಯಲ್ಲಿ ರೈಫಲ್ ಬದಲು ಬ್ರೆನ್, ನಿಮ್ಮ ಅಳತೆಯಲ್ಲಿ 33 ಮಿಲಿಮೀಟರ್ ಉದ್ದ. ಬಟ್ಟೆಯ ಮೇಲೆ ಬೆಟ್ಟದ ಧೂಳು. ಸೊಂಟದ ಹಿಂದೆ ಕುಕ್ರಿ. ಧೂಳನ್ನು ಮೊಣಕಾಲು, ಮೊಣಕೈ, ಬೂಟಿಗೆ ಮಾತ್ರ ಒಣ ಬ್ರಷ್ಷಿನಲ್ಲಿ ತಾಕಿಸಿ. ಮೈತುಂಬ ಬಳಿದರೆ ನೀವು ಪಟ್ಟ ಶ್ರಮವೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮ ಹುಡುಗನಿಗೆ ಹನ್ನೆರಡು ವರ್ಷ. ಮೇ ತಿಂಗಳಲ್ಲಿ ಅವನ ಸಿಪಾಯಿಗಳ ಮೇಲೆ ಬಣ್ಣ ಮರಳಿನಂತೆ ತರಿತರಿಯಾಯಿತು, ಮಳೆಗಾಲದಲ್ಲಿ ಬೆಳ್ಳಗೆ ಮಂಜು ಕವಿದಂತಾಯಿತು. ಬಣ್ಣ ಕಳಪೆಯೇ?
— ಗೃಹಿಣಿ, ಹನುಮಾನ್ ಘಾಟ್

ಉತ್ತರ: ಬಣ್ಣದ ತಪ್ಪಲ್ಲ, ಕಾಶಿಯ ಹವೆ. ಬಿಸಿಗಾಳಿ ‘ಲೂ’ ಬೀಸುವಾಗ ಸ್ಪ್ರೇ ಡಬ್ಬಿಯಿಂದ ಹೊರಟ ಹನಿಗಳು ಗೊಂಬೆ ಮುಟ್ಟುವ ಮೊದಲೇ ಅರ್ಧ ಒಣಗಿ ಪುಡಿಯಾಗಿ ಕೂರುತ್ತವೆ. ಮಳೆಗಾಲದಲ್ಲಿ ದ್ರಾವಕ ಬೇಗ ಆವಿಯಾಗುತ್ತಾ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಗಾಳಿಯ ತೇವ ಅಲ್ಲಿ ಹಿಡಿದು ಬಿಳಿ ಪೊರೆ ಕಟ್ಟುತ್ತದೆ. ಬೇಸಿಗೆಯಲ್ಲಿ ಸ್ಪ್ರೇ ಕೆಲಸ ಬೆಳಗಿನ ಹೊತ್ತೇ ಮುಗಿಯಲಿ. ಮಳೆ ಹಿಡಿದ ದಿನಗಳಲ್ಲಿ ನೀರಿನ ಪ್ರೈಮರನ್ನು ಬ್ರಷ್ಷಿನಲ್ಲೇ ತೆಳ್ಳಗೆ ಎರಡು ಸಲ ಹಚ್ಚಿಸಿ. ಬಣ್ಣ ಬೇಗ ಒಣಗದಂತೆ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಬಣ್ಣ ಬೆರೆಸಲಿ. ಪ್ರೈಮರಿಗೆ ಮೊದಲು ಗೊಂಬೆಯನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸುವುದನ್ನು ಮರೆಯಬಾರದು, ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಹನ್ನೆರಡು ವರ್ಷದವನಿಗೆ ಪ್ಲಾಸ್ಟಿಕ್ ಕಿಟ್ ಸಾಕು. ರೆಸಿನ್ ಉಜ್ಜಿದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಳೆಯ ಲೋಹದ ಸಿಪಾಯಿಗಳಲ್ಲಿ ಸೀಸ ಇರುತ್ತದೆ. ಅವು ಸದ್ಯಕ್ಕೆ ಬೇಡ.

ಪ್ರಶ್ನೆ: ನಾನು ಚನ್ನಪಟ್ಟಣದವನು, ಮಗನ ಮನೆಯಲ್ಲಿದ್ದೇನೆ. ಈ ಸಲ ದಸರಾ ಗೊಂಬೆ ಕೂರಿಸುವಾಗ ಮರದ ಸಿಪಾಯಿಗಳ ಒಂದು ಸಾಲು ಇಡುವ ಆಸೆ. ಕಶ್ಮೀರಿಗಂಜ್‌ನಲ್ಲಿ ಮಾಡಿಸಿ ನಾನೇ ಬಣ್ಣ ಹಚ್ಚಬಹುದೇ?
— ನಿವೃತ್ತ ಶಿಕ್ಷಕ, ಸಿಗ್ರಾ

ಉತ್ತರ: ಖಂಡಿತ ಮಾಡಿಸಿ. ಕಶ್ಮೀರಿಗಂಜ್, ಖೋಜ್ವಾನ್ ಕಡೆಯ ಗೊಂಬೆ ಕೆಲಸಕ್ಕೆ ನಿಮ್ಮೂರಿನಂತೆಯೇ ಜಿಐ ಮಾನ್ಯತೆಯಿದೆ. ಅಲ್ಲಿನ ಹಿರಿಯ ಕುಶಲಕರ್ಮಿ ಗೋದಾವರಿ ಸಿಂಗ್ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು. ಲೇತಿಗೆ ಅಲ್ಲಿ ‘ಖರಾದ್’ ಎನ್ನುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಅರಗು ಕರಗಿ ಹಿಡಿಯುವುದು ನಿಮಗೆ ಗೊತ್ತಿರುವ ವಿದ್ಯೆ. ಆದರೆ ಅರಗಿನ ನುಣುಪಿನ ಮೇಲೆ ಬ್ರಷ್ಷಿನ ಬಣ್ಣ ನಿಲ್ಲುವುದಿಲ್ಲ. ಆದ್ದರಿಂದ ಅರಗು ಹಾಕದ ಬರೀ ಮರದ ಗೊಂಬೆಯನ್ನೇ ಕೇಳಿ. ಖರಾದ್ ಕೊಡುವುದು ದುಂಡು ಆಕಾರ, ಹಾಗಾಗಿ ತೋಳು, ಬಂದೂಕು ಬೇರೆ ಮಾಡಿ ಕೂರಿಸಬೇಕು. 240ರ ಮರಳು ಕಾಗದದಲ್ಲಿ ಉಜ್ಜಿ ನೀರಿನ ಪ್ರೈಮರ್ ಹಚ್ಚಿ. ಮರದ ನಾರು ಎದ್ದು ನಿಲ್ಲುತ್ತದೆ, 400ರಲ್ಲಿ ಮತ್ತೆ ಉಜ್ಜಿ. ಮರದ ಸಿಪಾಯಿಗೆ ಮಡಿಕೆ, ನೆರಳು ಬಿಡಿಸಲು ಹೋಗಬೇಡಿ. ಗಟ್ಟಿ ಬಣ್ಣ, ಸ್ಪಷ್ಟ ಅಂಚು, ಅದೇ ಅದರ ಚೆಲುವು.

ಪ್ರಶ್ನೆ: ಹೈಫಾ ಕಾಳಗದ ಮೈಸೂರು ಲ್ಯಾನ್ಸರ್ಸ್ ಸವಾರನನ್ನು ಮಾಡಬೇಕು. ಕಿಟ್ ಸಿಗುತ್ತಿಲ್ಲ.
— ಜಂಗಮವಾಡಿ

ಉತ್ತರ: ಮೊದಲ ಮಹಾಯುದ್ಧದ ಯಾವುದಾದರೂ ಬ್ರಿಟಿಷ್ ಕುದುರೆ ಸವಾರನ 1/32 ಕಿಟ್ ತೆಗೆದುಕೊಂಡು ಬದಲಾಯಿಸಿ. ಟೋಪಿ ಕತ್ತರಿಸಿ ತೆಗೆಯಿರಿ. ಎಂ-ಸೀಲ್ ಕಲಸಿ, ತೆಳುವಾದ ಪಟ್ಟಿಗಳಾಗಿ ತಟ್ಟಿ, ನಿಜವಾದ ಪೇಟ ಸುತ್ತುವ ಹಾಗೆಯೇ ಒಂದರ ಮೇಲೊಂದು ಸುತ್ತುತ್ತಾ ಬನ್ನಿ. ಉಂಡೆ ಮಾಡಿ ಗೆರೆ ಕೊರೆದರೆ ಅದು ಪೇಟವಾಗಿ ಕಾಣುವುದಿಲ್ಲ. ಭರ್ಜಿಗೆ ಅಗರಬತ್ತಿಯ ಬಿದಿರು ಕಡ್ಡಿ ಹೇಳಿಮಾಡಿಸಿದಂತಿದೆ. ಸುಮಾರು 9 ಅಡಿಯ ಭರ್ಜಿ ಈ ಅಳತೆಗೆ ಎಂಟೂವರೆ ಸೆಂಟಿಮೀಟರ್ ಆಗುತ್ತದೆ. ಕಡ್ಡಿಯನ್ನು ಒಂದು ಮಿಲಿಮೀಟರ್ ದಪ್ಪಕ್ಕೆ ಹೆರೆದುಕೊಳ್ಳಿ.

ದಿಲ್ಲಿಗೆ ಹೋದಾಗ ತೀನ್ ಮೂರ್ತಿ ವೃತ್ತದಲ್ಲಿ ಇಳಿಯಿರಿ. ಅಲ್ಲಿ ಪ್ರತಿಮೆಗಳಾಗಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಹೈದರಾಬಾದ್ ಮತ್ತು ಜೋಧಪುರದವರು. ಪೇಟ ತಲೆಯ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಸುತ್ತಲೂ ನಡೆದು ನೋಡಬಹುದು. ನಿಮ್ಮ ಸವಾರನ ಪೀಠದ ಮೇಲೆ 1918ರ ಸೆಪ್ಟೆಂಬರ್ 23 ಎಂದು ಕಾಳಗದ ದಿನ ಬರೆಯಿರಿ, ಮೈಸೂರು ಎಂಬ ಹೆಸರನ್ನು ಕನ್ನಡದಲ್ಲೇ ಬರೆಯಿರಿ.