ಗುಟ್ಟಿನ ಬಡ್ಡಿ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಯಾರ ಮುಂಗಡ ಎಷ್ಟು, ಯಾರ ಬಡ್ಡಿ ಎಷ್ಟು ಎಲ್ಲ ಬಾಯಿಪಾಠ. ಆದರೆ 2022ರ ಸೆಪ್ಟೆಂಬರಿನಿಂದ ನಮ್ಮ ಮನೆಯ ಪುಸ್ತಕದಲ್ಲಿ ತಿಂಗಳಿಗೆ ಎಂಟು ಸಾವಿರ ನುಂಗಿದ ಬಾಬ್ತಿಗೆ ‘ಇತರೆ’ ಅಂತಷ್ಟೇ ಬರೆದಿದ್ದೇನೆ. ಅದು ಮಗನ ಹೊಟ್ಟೆಗೆ ಅಂಟಿಸುವ ಚೀಲದ ಖರ್ಚು.

ಹುಟ್ಟಿ ಎರಡು ದಿನವಾದರೂ ಕೂಸು ಕಕ್ಕ ಮಾಡಲಿಲ್ಲ, ಹೊಟ್ಟೆ ತಮಟೆಯಂತೆ ಬಿಗಿಯಿತು. ಹರ್ಷ್‌ಸ್ಪ್ರಂಗ್ ಕಾಯಿಲೆ ಅಂದರು. ದೊಡ್ಡ ಕರುಳಿನ ತುದಿಯಲ್ಲಿ ನರಕೋಶಗಳಿರುವುದಿಲ್ಲ, ಹಾಗಾಗಿ ಮಲ ಅಲ್ಲೇ ಕಟ್ಟಿಕೊಳ್ಳುತ್ತದೆ. ಸುಮಾರು 5,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದಂತೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಚೀಲಕ್ಕೆ ಬೀಳುವಂತೆ ಮಾಡಿದರು. ಆಮೇಲೆ ನರವಿಲ್ಲದ ಭಾಗ ತೆಗೆದು ಜೋಡಿಸುವುದು, ಕೊನೆಗೆ ಹೊಟ್ಟೆಯ ತೂತು ಮುಚ್ಚುವುದು: ಮೂರು ಆಪರೇಷನ್ನು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮೂರೂ ನಡೆದವು. ನಾನು ಮುಳುಗಿದ್ದು ಆಪರೇಷನ್ನಿನಿಂದಲ್ಲ, ಮನೆಗೆ ಬಂದ ಮೇಲೆ.

ಚೀಲ ಒಂದಕ್ಕೆ 180 ರೂಪಾಯಿ. ದಿನಕ್ಕೊಂದು, ಕೆಲವು ದಿನ ಎರಡು ಕಿತ್ತು ಬರುತ್ತಿತ್ತು. ತಿಂಗಳಿಗೆ 45 ಅಂದರೆ 8,100. ನನ್ನ ಸಂಬಳ 14,000. ಇದರ ಮೇಲೆ ನನ್ನ ಮರ್ಯಾದೆಯ ಖರ್ಚು ಬೇರೆ. ನಮ್ಮೂರ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸುದ್ದಿಯಾಗುತ್ತದೆಂದು ಹಾಸನಕ್ಕೆ ಹೋಗಿ ತರುತ್ತಿದ್ದೆ. ಬಸ್ಸಿನ ದುಡ್ಡೂ ಹೋಯಿತು, ಅರ್ಧ ದಿನದ ಸಂಬಳವೂ ಹೋಯಿತು. ಮನೆ ರಿಪೇರಿ ಅಂತ ಸುಳ್ಳು ಹೇಳಿ ಹೊರಗೆ ಮೂರು ರೂಪಾಯಿ ಬಡ್ಡಿಗೆ 40,000 ಎತ್ತಿದೆ. ತಿಂಗಳಿಗೆ 1,200 ಬಡ್ಡಿ ಆ ಸುಳ್ಳಿಗೆ. ನಿಜ ಹೇಳಿದ್ದರೆ ಮಂಡಿ ಸಾಹುಕಾರರು ಬಡ್ಡಿಯಿಲ್ಲದೆ ಮುಂಗಡ ಕೊಡುತ್ತಿದ್ದರು. ಹೇಳಿದ ದಿನ ಕೊಟ್ಟರು ಕೂಡ, ನಾಲ್ಕು ಬೈಗುಳದ ಜೊತೆ.

ಬಾಯಿ ಬಿಡಿಸಿದವರು ಬೇಲೂರು ಕಡೆಯ ಒಬ್ಬ ಹೆಂಗಸು. ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಕೂಸಿನ ಹೊಟ್ಟೆ ನೋಡಿ ಅಂದರು: “ಅಲ್ಲ ಕಣಣ್ಣ, ಚೀಲದ ತೂತ ಇಷ್ಟಗಲ ಕತ್ತರಿಸಿದ್ರೆ ಚರ್ಮ ಸುಡದೆ ಇನ್ನೇನಾಗ್ತದೆ?” ತಮ್ಮ ಕೈಚೀಲದಿಂದ ಒಂದು ರಟ್ಟಿನ ಚೂರು ತೆಗೆದರು. ಕರುಳಿನ ಬಾಯಿಯ ಅಳತೆಗೆ ಕೊರೆದ ದುಂಡನೆಯ ಅಚ್ಚು ಅದು. ಅದನ್ನಿಟ್ಟು ಗೀಟು ಎಳೆದು ಕತ್ತರಿಸಿದರು. ಚರ್ಮವನ್ನು ಪೂರ್ತಿ ಒಣಗಿಸಿ, ಅಂಟಿಸಿ, ಅದರ ಮೇಲೆ ಅಂಗೈ ಇಟ್ಟು ಐದು ನಿಮಿಷ ಸುಮ್ಮನೆ ಕೂತರು. ಮೈಶಾಖಕ್ಕೆ ಅಂಟು ಹಿಡಿಯಬೇಕಂತೆ. ಆ ಚೀಲ ಎರಡು ದಿನ ಬಂತು. ಮುಂದಿನ ತಿಂಗಳ ಲೆಕ್ಕ: 15 ಚೀಲ, 2,700 ರೂಪಾಯಿ. ನಾನು ಕಂಡ ಯಾವ ಉಳಿತಾಯ ಯೋಜನೆಯೂ ತಿಂಗಳಿಗೆ 5,400 ಉಳಿಸಿಕೊಟ್ಟಿಲ್ಲ.

ಅಲ್ಲಿಂದ ಇಂಥದೇ ಕೂಸುಗಳಿರುವ ನಾಲ್ಕು ಮನೆಯವರು ಒಟ್ಟಾದೆವು. ಒಬ್ಬೊಬ್ಬರೇ ಬಿಡಿ ಚೀಲ ಕೊಳ್ಳುವ ಬದಲು ಡಬ್ಬಿಗಟ್ಟಲೆ ತರಿಸಿ ಹಂಚಿಕೊಂಡೆವು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಹೋಗುವವರು ಬದಲಾದರು. ತಾಯಂದಿರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ನಮ್ಮ ಕೂಲಿಯೂ ಉಳಿಯಿತು. ಹೆಂಗಸರ ಕೂಲಿಯನ್ನು ಮಾತ್ರ ನಾವ್ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಗುಮಾಸ್ತನಾದ ನಾನೂ ಕೂಡ. ನನ್ನ ಹೆಂಡತಿಯ ಗೃಹಲಕ್ಷ್ಮಿಯ 2,000 ನೇರ ಚೀಲಕ್ಕೇ ಹೋಗುತ್ತಿತ್ತು.

ತೂತು ಮುಚ್ಚಿದ ಮೇಲೂ ಖರ್ಚು ನಿಲ್ಲಲಿಲ್ಲ. ಒಂದು ವಾರ ಮಲಬದ್ಧತೆ, ಇನ್ನೊಂದು ವಾರ ಅಂಗನವಾಡಿಯಿಂದ ದಿನಕ್ಕೆ ಮೂರು ಒದ್ದೆ ಚಡ್ಡಿ. ಊಟವಾದ ಮೇಲೆ ಹತ್ತು ನಿಮಿಷ ಕೂರಿಸಿ, ಕಾಲಡಿ ಮಣೆ ಕೊಡಿ ಅಂದದ್ದು ಜಾವಗಲ್ಲಿನ ಒಬ್ಬ ತಂದೆ. ಆದರೆ ಹೊಟ್ಟೆ ಉಬ್ಬಿ, ಜ್ವರ ಬಂದು, ನಾರುವ ಭೇದಿಯಾದರೆ ಮನೆಮದ್ದು ಮಾಡುತ್ತ ಕೂರುವಂತಿಲ್ಲ. ಕರುಳಿಗೆ ಸೋಂಕಾಗಿರಬಹುದು, ಆ ರಾತ್ರಿಯೇ ಆಸ್ಪತ್ರೆ. ಅದಕ್ಕೆಂದೇ ರಾಗಿ ಡಬ್ಬದಲ್ಲಿ 3,000 ಇರುತ್ತದೆ. ಹಬ್ಬಕ್ಕೂ ಮುಟ್ಟುವುದಿಲ್ಲ.

ಉಳಿದಿದ್ದ ಆರು ಚೀಲಗಳನ್ನು ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಒಬ್ಬ ಬಾಣಂತಿಯ ತಮ್ಮನಿಗೆ ಕೊಟ್ಟೆ. ದೇವಸ್ಥಾನ ನೋಡಲು ಬಂದ ಶಾಲಾ ಮಕ್ಕಳ ಗಲಾಟೆ. ಹುಡುಗ ಅತ್ತಿತ್ತ ನೋಡಿ ಪೊಟ್ಟಣವನ್ನು ಅಂಗಿಯೊಳಗೆ ತುರುಕಿಕೊಂಡ. ಈಚೆ ತೆಗೆಸಿ, ಆ ರಟ್ಟಿನ ಅಚ್ಚು ಇಟ್ಟು ಗೀಟು ಎಳೆಯುವುದು ಹೇಗೆಂದು ಅಲ್ಲೇ ಕಟ್ಟೆಯ ಮೇಲೆ ತೋರಿಸಿಕೊಟ್ಟೆ.