ನಮ್ಮ ಹೊಟ್ಟೆ ತನ್ನನ್ನೇ ಯಾಕೆ ಜೀರ್ಣ ಮಾಡಿಕೊಳ್ಳುವುದಿಲ್ಲ?

ಕುರಿಯ ಬೋಟಿ ತಿಂದರೆ ಅದು ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಬೋಟಿ ಎಂದರೆ ಕುರಿಯ ಜಠರ, ಕರುಳು ತಾನೆ? ನಮ್ಮ ಜಠರ, ಕರುಳೂ ಅಂಥದೇ ಮಾಂಸ. ಪ್ರೋಟೀನನ್ನು ತುಂಡು ಮಾಡುವ ಕಿಣ್ವಗಳು ಕುರಿಯದ್ದನ್ನು ತಿಂದು ನಮ್ಮದನ್ನು ಯಾಕೆ ಬಿಡುತ್ತವೆ?

ಎಡೆಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕಬಾರದೆಂದು ಬಾಯಿಕುಕ್ಕೆ ಕಟ್ಟುತ್ತಾರೆ. ಜೀವಕೋಶ ಮಾಡುವುದೂ ಹೀಗೇ. ಜಠರದ ಜೀವಕೋಶಗಳು ಪೆಪ್ಸಿನ್ ಕಿಣ್ವವನ್ನು ನೇರವಾಗಿ ತಯಾರಿಸುವುದಿಲ್ಲ, ಪೆಪ್ಸಿನೋಜನ್ ತಯಾರಿಸುತ್ತವೆ. ಇದು ಕುಕ್ಕೆ ಕಟ್ಟಿದ ಪೆಪ್ಸಿನ್. ಇದರದ್ದೇ ಒಂದು ಭಾಗ ಕೆಲಸ ಮಾಡುವ ಜಾಗವನ್ನು ಮುಚ್ಚಿಕೊಂಡಿರುತ್ತದೆ. ಜೀವಕೋಶದಿಂದ ಹೊರಗೆ ಬಂದು ಹೈಡ್ರೋಕ್ಲೋರಿಕ್ ಆಮ್ಲ ತಗಲಿದ ಮೇಲೆಯೇ ಆ ಭಾಗ ಕತ್ತರಿಸಿ ಬೀಳುತ್ತದೆ. ಜಠರದ ಗೋಡೆಗೆ ಲೋಳೆಯ ಲೇಪವೂ ಇದೆ. ಪೆಪ್ಸಿನನ್ನು 1836ರಲ್ಲಿ ಕಂಡುಹಿಡಿದವರು ಥಿಯೋಡರ್ ಶ್ವಾನ್. ಜೀವಕೋಶ ಸಿದ್ಧಾಂತದಲ್ಲಿ ಬರುವ ಶ್ವಾನ್ ಇವರೇ!

ಮೇದೋಜೀರಕ ಗ್ರಂಥಿಯದ್ದು ಇನ್ನೂ ಜಾಣತನ. ಅದು ಟ್ರಿಪ್ಸಿನೋಜನ್ ತಯಾರಿಸಿ ನಾಳದ ಮೂಲಕ ಸಣ್ಣ ಕರುಳಿಗೆ ಕಳಿಸುತ್ತದೆ. ಅದರ ಕುಕ್ಕೆ ಬಿಚ್ಚುವ ಎಂಟೆರೋಕೈನೇಸ್ ಎಂಬ ಕಿಣ್ವ ಇರುವುದು ಗ್ರಂಥಿಯಲ್ಲಲ್ಲ, ಕರುಳಿನ ಗೋಡೆಯಲ್ಲಿ. ಅಲ್ಲಿ ಒಂದು ಚೂರು ಕತ್ತರಿಸಿದ ಕೂಡಲೇ ಅದು ಟ್ರಿಪ್ಸಿನ್ ಆಗುತ್ತದೆ. ಆಮೇಲೆ ಟ್ರಿಪ್ಸಿನ್ನೇ ಉಳಿದ ಟ್ರಿಪ್ಸಿನೋಜನ್ನಿನ ಕುಕ್ಕೆಯನ್ನೂ ಬೇರೆ ಕಿಣ್ವಗಳ ಕುಕ್ಕೆಯನ್ನೂ ಬಿಚ್ಚುತ್ತಾ ಹೋಗುತ್ತದೆ.

ಅಪಾಯ ಇರುವುದು ಇಲ್ಲೇ. ಎತ್ತಿಗಾದರೆ ಕುಕ್ಕೆಯನ್ನು ಮತ್ತೆ ಕಟ್ಟಬಹುದು, ಕಿಣ್ವದಿಂದ ಕತ್ತರಿಸಿದ ಚೂರನ್ನು ಮತ್ತೆ ಅಂಟಿಸೋಕೆ ಆಗುವುದಿಲ್ಲ. ಗ್ರಂಥಿಯ ಒಳಗೇ ಒಂದಷ್ಟು ಕುಕ್ಕೆ ಬಿಚ್ಚಿಕೊಂಡರೆ ಏನು ಗತಿ? ಅದಕ್ಕೇ ಆ ಜೀವಕೋಶಗಳು ಇನ್ನೊಂದು ಪುಟ್ಟ ಪ್ರೋಟೀನನ್ನೂ ಜೊತೆಗೆ ಕಳಿಸುತ್ತವೆ. ಅದು ಟ್ರಿಪ್ಸಿನ್ನಿನ ಬಾಯಿಗೇ ಹೋಗಿ ಸಿಕ್ಕಿಕೊಂಡು ತಡೆಯುತ್ತದೆ. ನನಗೆ ತುಂಬಾ ಆಶ್ಚರ್ಯ ಆಗಿದ್ದು ಇದನ್ನು ಓದಿ.

ಆದರೆ ಈ ಕಾವಲುಗಾರ ಇರುವುದು ಸ್ವಲ್ಪವೇ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದರೆ, ಅಥವಾ ತುಂಬಾ ವರ್ಷ ಮಿತಿಮೀರಿ ಮದ್ಯ ಕುಡಿದರೆ, ಗ್ರಂಥಿಯ ಒಳಗೇ ಬಹಳ ಕಿಣ್ವ ಎಚ್ಚರವಾಗಬಹುದು. ಆಗ ಗ್ರಂಥಿ ತನ್ನನ್ನೇ ಜೀರ್ಣ ಮಾಡಿಕೊಳ್ಳಲು ಶುರು ಮಾಡುತ್ತದೆ! ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂದು ಬೆನ್ನಿಗೂ ಹೋಗುತ್ತದೆ, ವಾಂತಿಯಾಗುತ್ತದೆ. ಇದೇ ಪ್ಯಾಂಕ್ರಿಯಾಟೈಟಿಸ್. ಕೆಲವರು ಗ್ಯಾಸು ಅಂದುಕೊಂಡು ಸೋಡಾ ಕುಡಿದು ಮಲಗಿಬಿಡುತ್ತಾರೆ. ಹಾಗೆ ಮಾಡಿದರೆ ಜೀವಕ್ಕೇ ಅಪಾಯ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಗ್ರಂಥಿಯಿಂದ ಲೈಪೇಸ್ ಕಿಣ್ವ ರಕ್ತಕ್ಕೆ ಸೋರಿದೆಯೇ ಎಂದು ನೋಡುತ್ತಾರೆ.