ಮರಳುಗಾಡಿನ ಬಂಡೆಗಳು ಹೇಳುವ ಸಾಕ್ಷಿ

ಸಹಾರಾ ಎಂಬ ಹೆಸರನ್ನು ಕೇಳಿದ ಕೂಡಲೆ ಮರಳಿನ ದಿಬ್ಬಗಳೂ ಸುಡುವ ಬಿಸಿಲೂ ಸಾಲಾಗಿ ನಡೆಯುವ ಒಂಟೆಗಳೂ ನಮ್ಮ ಮನಸ್ಸಿಗೆ ಬರುವವು. ಆಫ್ರಿಕಾ ಖಂಡದ ಉತ್ತರಭಾಗದಲ್ಲಿರುವ ಈ ಮರುಭೂಮಿಯು ಸುಮಾರು 90 ಲಕ್ಷ ಚದರ ಕಿಲೋಮೀಟರು ವಿಸ್ತಾರವುಳ್ಳದ್ದು. ಇಂಥ ಸ್ಥಳದಲ್ಲಿ ಚಿತ್ರಕಾರನ ಕೈಕೆಲಸವಿರುವದೆಂದು ಯಾರು ಎಣಿಸುವರು?

1850ನೆಯ ಇಸವಿಯಲ್ಲಿ ಹೈನ್ರಿಖ್ ಬಾರ್ತ್ ಎಂಬ ಜರ್ಮನ್ ಪಂಡಿತನು ಇಂಗ್ಲಿಷ್ ಸರಕಾರವು ಕಳುಹಿಸಿದ ಪ್ರಯಾಣಿಕರ ಜೊತೆಯಲ್ಲಿ ತ್ರಿಪೊಲಿ ಪಟ್ಟಣದಿಂದ ದಕ್ಷಿಣಕ್ಕೆ ಹೊರಟನು. ಜುಲೈ ತಿಂಗಳಲ್ಲಿ, ಈಗಿನ ಲಿಬಿಯ ದೇಶದ ನೈಋತ್ಯಭಾಗದ ಒಂದು ಒಣಹಳ್ಳದ ಬಳಿಯಲ್ಲಿ, ಬಂಡೆಗಳ ಮೇಲೆ ಆಳವಾಗಿ ಕೊರೆದಿದ್ದ ಆಕೃತಿಗಳನ್ನು ಕಂಡನು. ಅವುಗಳಲ್ಲಿ ದನಗಳ ಹಿಂಡು ಇತ್ತು. ಒಂಟೆ ಮಾತ್ರ ಒಂದೂ ಇರಲಿಲ್ಲ. ಒಂಟೆಯಿಲ್ಲದೆ ದಾಟಲಾಗದ ಸೀಮೆಯಲ್ಲಿ ಒಂಟೆಯ ಚಿತ್ರವು ಯಾಕಿಲ್ಲ? ಈ ಚಿತ್ರಗಳನ್ನು ಕೊರೆದ ಕಾಲದಲ್ಲಿ ಇಲ್ಲಿಯವರು ಒಂಟೆಯನ್ನಲ್ಲ, ದನಗಳನ್ನೇ ಬಳಸುತ್ತಿದ್ದರೆಂದು ಅವನು ತಿಳಿದುಕೊಂಡನು.

ಇದಾದ ಕೆಲವು ದಿವಸಗಳ ಮೇಲೆ ಬಾರ್ತನು ಒಬ್ಬನೇ ಒಂದು ಬೆಟ್ಟವನ್ನು ಹತ್ತಿ, ದಾರಿ ತಪ್ಪಿ, ನೀರು ಮುಗಿದು, ಜ್ವರದಿಂದ ಬಿದ್ದುಕೊಂಡನು. ಬಾಯಾರಿಕೆಯನ್ನು ತಾಳಲಾರದೆ ತನ್ನ ರಕ್ತವನ್ನೇ ಹೀರಿದನು. ಮರುದಿನ ತುವಾರೆಗ್ ಜನಾಂಗದವನೊಬ್ಬನು ಒಂಟೆಯ ಮೇಲೆ ಬಂದು, ನೀರು ಕೊಟ್ಟು ಅವನ ಪ್ರಾಣವನ್ನುಳಿಸಿದನು. ಒಬ್ಬ ಮನುಷ್ಯನಿಗೂ ನೀರು ಸಿಕ್ಕದ ಸೀಮೆಯಲ್ಲಿ ಒಂದಾನೊಂದು ಕಾಲಕ್ಕೆ ಹಿಂಡುಗಳು ಮೇಯುತ್ತಿದ್ದವು!

ಆ ಮೇಲೆ ಇಂಥ ಚಿತ್ರಗಳು ಅನೇಕ ಕಡೆಗಳಲ್ಲಿ ಸಿಕ್ಕಿದವು. 1933ರಲ್ಲಿ ಅಲ್ಮಾಶಿ ಎಂಬ ಹಂಗೇರಿಯದವನು ಐಗುಪ್ತದ ನೈಋತ್ಯ ಮೂಲೆಯ ಒಂದು ಗವಿಯಲ್ಲಿ ಈಜುವವರಂತೆ ತೋರುವ ಸಣ್ಣ ಮನುಷ್ಯಾಕೃತಿಗಳನ್ನು ಕಂಡನು. ಅಲ್ಜೀರಿಯದ ತಸ್ಸಿಲಿ ಎಂಬ ಪ್ರಸ್ಥಭೂಮಿಯಲ್ಲಿಯಂತೂ ಸಾವಿರಾರು ಚಿತ್ರಗಳಿವೆ. ಅವುಗಳಲ್ಲಿ ಹಳೆಯವು ಆನೆ, ಜಿರಾಫೆ ಮುಂತಾದ ಕಾಡುಮೃಗಗಳನ್ನು ತೋರಿಸುವವು. ಅನಂತರ ದನಗಳೂ, ಅವುಗಳ ಹಿಂದೆ ಕುದುರೆಗಳೂ, ಕಟ್ಟಕಡೆಗೆ ಒಂಟೆಗಳೂ ಬರುವವು. ಹೀಗೆ ದೇಶವು ಒಣಗುತ್ತ ಬಂದ ಚರಿತ್ರೆಯು ಬಂಡೆಯ ಮೇಲೆಯೇ ಬರೆಯಲ್ಪಟ್ಟಿದೆ.

ಇದಕ್ಕೆ ಕಾರಣವೇನೆಂದರೆ, ಭೂಮಿಯು ತಿರುಗುವಾಗ ಅದರ ಅಕ್ಷವು ಬುಗರಿಯಂತೆ ಬಹು ಮೆಲ್ಲಗೆ ತೊನೆಯುತ್ತದೆ. ಸುಮಾರು 11,000 ವರುಷಗಳ ಹಿಂದೆ ಇದರ ದೆಸೆಯಿಂದ ಉತ್ತರ ಸೀಮೆಗಳಲ್ಲಿ ಬೇಸಿಗೆಯ ಬಿಸಿಲು ಹೆಚ್ಚಿ, ಮಳೆಗಾಳಿಯು ಸಹಾರಾದ ಒಳಗಿನ ವರೆಗೆ ಬೀಸಿತು. ಹುಲ್ಲು ಬೆಳೆಯಿತು, ಕೆರೆಗಳು ತುಂಬಿದವು. ಸುಮಾರು 5,000 ವರುಷಗಳ ಹಿಂದೆ ಆ ಮಳೆಯು ಬಹಳ ಮಟ್ಟಿಗೆ ಹಿಂದೆಗೆಯಿತು.

ಆ ಕಾಲದ ಶೇಷವು ಇನ್ನೂ ಜೀವದಿಂದಿರುವದು ಆಶ್ಚರ್ಯವು. ಚಾಡ್ ದೇಶದ ಎನ್ನೆದಿ ಬೆಟ್ಟಗಳ ಮಡುವಿನಲ್ಲಿ ಕೆಲವೇ ಮೊಸಳೆಗಳು ಉಳಿದವೆ. ತಸ್ಸಿಲಿಯಲ್ಲಿ ಬೇರೆಲ್ಲಿಯೂ ತಾನಾಗಿ ಬೆಳೆಯದ ಒಂದು ಜಾತಿಯ ಸೈಪ್ರೆಸ್ ಮರಗಳಿವೆ. ಅವುಗಳಲ್ಲಿ ಕೆಲವಕ್ಕೆ 2,000 ವರುಷಗಳಿಗೂ ಹೆಚ್ಚು ವಯಸ್ಸುಂಟು.

ಆದರೆ ಸಾವಿರಾರು ವರುಷಗಳ ಗಾಳಿಯನ್ನು ತಾಳಿದ್ದು ಮನುಷ್ಯನ ಕೈಯನ್ನು ತಾಳಲಾರದು. 1956ರಲ್ಲಿ ಫ್ರಾನ್ಸಿನಿಂದ ತಸ್ಸಿಲಿಗೆ ಬಂದ ಒಂದು ತಂಡವು ಚಿತ್ರಗಳನ್ನು ಬಹು ಶ್ರಮದಿಂದ ನಕಲು ಮಾಡಿತು; ಅವುಗಳ ಕೀರ್ತಿ ಲೋಕಕ್ಕೆಲ್ಲಾ ಹಬ್ಬಿತು. ಆದರೂ ಬಣ್ಣವು ಎದ್ದುಕಾಣಲೆಂದು ಬಂಡೆಗಳನ್ನು ಒದ್ದೆಮಾಡಿದ್ದರಿಂದ ಅನೇಕ ಚಿತ್ರಗಳು ಮಾಸಿಹೋದವು. ಪ್ರೀತಿಸಿದವರಿಂದಲೇ ನಷ್ಟವಾಯಿತು. 1982ರಲ್ಲಿ ಆ ಸ್ಥಳವು ಲೋಕದ ಸ್ವಾಸ್ತ್ಯಗಳ ಪಟ್ಟಿಯಲ್ಲಿ ಸೇರಿತು.

ಆದಕಾರಣ ಇದರಿಂದ ಎರಡು ಮಾತುಗಳನ್ನು ಕಲಿಯೋಣ. ಇರುವದನ್ನು ನೋಡುವಂತೆಯೇ, ಬಾರ್ತನ ಹಾಗೆ, ಇಲ್ಲದ್ದನ್ನೂ ಗಮನಿಸಬೇಕು. ಹಿಂದಿನವರು ಬಿಟ್ಟುಹೋದದ್ದನ್ನು ಕಣ್ಣಿನಿಂದ ನೋಡಬೇಕೇ ಹೊರತು ಕೈಯಿಂದ ಮುಟ್ಟಬಾರದು. ಯಾಕಂದರೆ ಅಳಿಸಿಹೋದ ಚಿತ್ರವನ್ನು ತಿರಿಗಿ ಬರೆಯುವದಕ್ಕೆ ಬರೆದವರು ಬರಲಾರರು.